ಆಫ್‌ರೋಡ್ ಗಾಡಿಗೆ ಗಟ್ಟಿ ಹಿಂದಿನ ಆಕ್ಸಲ್ ಹಾಕುವುದು: ಅಳತೆಯಿಂದ ಕೊನೆಯ ವೆಲ್ಡ್‌ವರೆಗೆ

ಆಕ್ಸಲ್ ಬದಲಾಯಿಸುವ ಕೆಲಸ ಅಂದರೆ ಹಳೇದು ಬಿಚ್ಚಿ ಹೊಸದು ಕಟ್ಟೋದು, ಅಷ್ಟೇ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಬಿಚ್ಚುವುದಕ್ಕೆ ಅರ್ಧ ದಿನ ಸಾಕಾಯಿತು. ಕಟ್ಟುವುದಕ್ಕೂ ಅಷ್ಟೇ. ಆದರೆ ಸ್ಪ್ರಿಂಗ್ ಸೀಟನ್ನು, ಅಂದರೆ ಆಕ್ಸಲ್ ಟ್ಯೂಬಿನ ಮೇಲೆ ಸ್ಪ್ರಿಂಗ್ ಕೂರುವ ತುಂಡನ್ನು, ಆತುರದಲ್ಲಿ ಪೂರ್ತಿ ವೆಲ್ಡ್ ಮಾಡಿಬಿಟ್ಟಿದ್ದೆ. ಗಾಡಿ ನೆಲಕ್ಕೆ ಇಳಿಸಿದ ಮೇಲೆ ಪಿನಿಯನ್‌ನ (ಇಂಜಿನ್ ಬಲವನ್ನು ಆಕ್ಸಲಿನ ಒಳಗೆ ತರುವ ಗೇರ್ ಶಾಫ್ಟ್) ಕೋನ ನಾಲ್ಕು ಡಿಗ್ರಿ ತಪ್ಪಿತ್ತು. ಮತ್ತೆ ಎಲ್ಲ ಬಿಚ್ಚಿ, ಗ್ರೈಂಡರ್ ಹಿಡಿದು ಸೀಟು ಕತ್ತರಿಸಿ, ಟ್ಯೂಬ್ ನಯ ಮಾಡಿ, ಹೊಸ ಸೀಟು ತಂದು ಕೂರಿಸಲು ಇನ್ನೂ ಎರಡು ದಿನ ಹೋಯಿತು. ಹಾಗಾಗಿ ಈ ಬರಹದಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಗಾಡಿಯ ಭಾರ ಸ್ಪ್ರಿಂಗ್ ಮೇಲೆ ಕೂರುವ ತನಕ ಪೂರ್ತಿ ವೆಲ್ಡ್ ಬೇಡ.

ಉದಾಹರಣೆಗೆ ಒಂದು ಜೋಡಿ ಇಟ್ಟುಕೊಳ್ಳೋಣ. ಗಾಡಿ 1984ರಿಂದ 2001ರವರೆಗೆ ಬಂದ ಜೀಪ್ ಚೆರೋಕಿ ಎಕ್ಸ್‌ಜೆ. ಅದಕ್ಕೆ ಹಾಕುವ ಆಕ್ಸಲ್ 1995–2001ರ ಫೋರ್ಡ್ ಎಕ್ಸ್‌ಪ್ಲೋರರ್‌ನ 8.8, ಅಂದರೆ ಒಳಗಿನ ದೊಡ್ಡ ಗೇರ್ (ಕ್ರೌನ್ ವೀಲ್) 8.8 ಇಂಚಿನದು. ಇದು ತುಂಬಾ ಜನ ಮಾಡಿ ನೋಡಿದ ಜೋಡಿ. ನಿಮ್ಮದು ಬೇರೆ ಗಾಡಿಯಾದರೆ ಅಂಕಿಗಳು ಬದಲಾಗುತ್ತವೆ. ಲೀಫ್ ಸ್ಪ್ರಿಂಗ್ ಇರುವ ಗಾಡಿಗೆಲ್ಲ ಕೆಲಸದ ಕ್ರಮ ಹೆಚ್ಚುಕಮ್ಮಿ ಇದೇ.

ಮೊದಲು, ನಿಮಗೆ ಇದು ಬೇಕಾ?

ಎಕ್ಸ್‌ಜೆ ಹಿಂದೆ ಮೂರು ತರದ ಆಕ್ಸಲ್ ಬರುತ್ತಿತ್ತು. ಡಾನಾ 35, ಕ್ರೈಸ್ಲರ್ 8.25, ಮತ್ತು ಅಪರೂಪಕ್ಕೆ ಡಾನಾ 44. ಹಿಂದಿನ ಕವರ್ ನೋಡಿ ಯಾವುದು ಅಂತ ಗುರುತು ಹಿಡಿಯಬಹುದು. ಡಾನಾ 35ರ ಕವರ್ ಮೊಟ್ಟೆಯಾಕಾರ, ಅದರ ರಬ್ಬರ್ ಫಿಲ್ ಪ್ಲಗ್ ಕವರಿನಲ್ಲೇ ಇರುತ್ತದೆ. 8.25ರ ಕವರ್ ಹೆಚ್ಚುಕಮ್ಮಿ ದುಂಡಗೆ, ತಳ ಮಾತ್ರ ಚಪ್ಪಟೆ.

ಡಾನಾ 35ರ ಒಳಗಿನ ಶಾಫ್ಟಿಗೆ 27 ಸ್ಪ್ಲೈನ್ (ತುದಿಯಲ್ಲಿ ಕೊರೆದ ಹಲ್ಲು), ವ್ಯಾಸ ಸುಮಾರು 1.18 ಇಂಚು. ಎಕ್ಸ್‌ಪ್ಲೋರರ್ 8.8ರ ಶಾಫ್ಟಿಗೆ 31 ಸ್ಪ್ಲೈನ್, ವ್ಯಾಸ ಸುಮಾರು 1.32 ಇಂಚು. ವ್ಯತ್ಯಾಸ ಸಣ್ಣದು ಅನ್ನಿಸುತ್ತದೆ. ಆದರೆ ತಿರುಚುವ ಬಲವನ್ನು ತಡೆಯುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 1.32ನ್ನು 1.18ರಿಂದ ಭಾಗಿಸಿ ಘನ ಮಾಡಿ ನೋಡಿ, 1.4 ಬರುತ್ತದೆ. ಲೋಹ ಒಂದೇ ಅಂತ ಇಟ್ಟುಕೊಂಡರೂ ಶೇಕಡ 40 ಜಾಸ್ತಿ. ಕ್ರೌನ್ ವೀಲ್ ಕೂಡ 7.58 ಇಂಚಿನಿಂದ 8.8 ಇಂಚಿಗೆ ಏರುತ್ತದೆ. ಹೊರಗಿನ ಟ್ಯೂಬ್ 3.25 ಇಂಚಿನದು, ಬಗ್ಗುವುದು ಕಷ್ಟ.

ಅಷ್ಟು ಬಲ ಯಾಕೆ ಬೇಕು? ಒಂದು ಲೆಕ್ಕ ನೋಡಿ. 4.0 ಲೀಟರ್ ಇಂಜಿನ್ ಸುಮಾರು 300 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಆಟೊಮ್ಯಾಟಿಕ್‌ನ ಮೊದಲ ಗೇರ್ 2.8, ಲೋ ರೇಂಜ್ 2.72, ಆಕ್ಸಲ್ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಪಿನಿಯನ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ) 3.55. ಎಲ್ಲ ಗುಣಿಸಿದರೆ 27 ಪಟ್ಟು. ಅಂದರೆ 8,000 ನ್ಯೂಟನ್ ಮೀಟರ್‌ಗೂ ಮೇಲೆ. ಟಾರ್ಕ್ ಕನ್ವರ್ಟರ್ ಸೇರಿಸುವುದು ಈ ಲೆಕ್ಕದಲ್ಲಿಲ್ಲ. ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಕಟ್ಟಿಹಾಕುವ ಸಾಧನ) ಹಾಕಿದ ಗಾಡಿಯಲ್ಲಿ ಒಂದು ಚಕ್ರ ಗಾಳಿಗೆ ಎದ್ದು ಇನ್ನೊಂದು ಬಂಡೆಗೆ ಕಚ್ಚಿಕೊಂಡರೆ, ಹಿಂದಕ್ಕೆ ಬಂದ ಬಲವೆಲ್ಲ ಆ ಒಂದೇ ಶಾಫ್ಟಿನ ಮೇಲೆ ಬೀಳುತ್ತದೆ. ಟೈರ್ ದೊಡ್ಡದಾದಷ್ಟೂ ಹಿಡಿತ ಜಾಸ್ತಿ, ಶಾಫ್ಟಿಗೆ ಕಷ್ಟವೂ ಜಾಸ್ತಿ.

ನನ್ನ ಲೆಕ್ಕ ಹೀಗಿದೆ. 31 ಇಂಚಿನ ಟೈರ್, ಲಾಕರ್ ಇಲ್ಲ, ನಿಧಾನವಾಗಿ ಓಡಿಸುವವರು ಅಂದರೆ ಇರುವುದನ್ನೇ ಚೆನ್ನಾಗಿ ನೋಡಿಕೊಳ್ಳಿ. 1997ರ ನಂತರದ, 29 ಸ್ಪ್ಲೈನಿನ 8.25 ನಿಮ್ಮ ಗಾಡಿಯಲ್ಲಿದ್ದರೆ ಸುಮ್ನೆ ಕೈ ಹಾಕಬೇಡಿ, 33 ಇಂಚಿಗೂ ಅದು ತಕ್ಕಮಟ್ಟಿಗೆ ನಿಲ್ಲುತ್ತದೆ. ಡಾನಾ 35, ಲಾಕರ್, 33 ಇಂಚು, ಈ ಮೂರೂ ಸೇರಿದರೆ ಮಾತ್ರ ಕೆಲಸ ಶುರು ಮಾಡಿ. 35 ಇಂಚಿಗೂ 8.8 ಎಚ್ಚರಿಕೆಯಿಂದ ಬಳಸಿದರೆ ನಡೆಯುತ್ತದೆ. ಅದಕ್ಕೂ ಮೇಲೆ ಹೋಗುವ ಆಸೆಯಿದ್ದರೆ 9.75 ಇಂಚಿನ ಕ್ರೌನ್ ವೀಲಿನ ಡಾನಾ 60 ಹುಡುಕಿ. ಒಂದೇ ಗಾಡಿಗೆ ಎರಡು ಸಲ ಈ ಕೆಲಸ ಮಾಡುವ ಗ್ರಹಚಾರ ಬೇಡ.

ಆಕ್ಸಲ್ ಆರಿಸುವುದು

ಎಕ್ಸ್‌ಪ್ಲೋರರ್‌ದೇ ಯಾಕೆ ಅಂದರೆ ಮುಖ್ಯವಾಗಿ ಎರಡು ಕಾರಣ. ಚಕ್ರದ ಬೋಲ್ಟ್ ಜೋಡಣೆ ಎರಡರಲ್ಲೂ ಒಂದೇ: ಐದು ಬೋಲ್ಟ್, 4.5 ಇಂಚಿನ ವೃತ್ತ. ಜೀಪಿನ ಚಕ್ರ ಹಾಗೇ ಕೂರುತ್ತದೆ. ಅಗಲದ ವ್ಯತ್ಯಾಸ ಸುಮಾರು ಒಂದು ಇಂಚು, ಅಂದರೆ ಒಂದೊಂದು ಬದಿಗೆ ಅರ್ಧ ಇಂಚು, ಕಣ್ಣಿಗೆ ಕಾಣುವುದೇ ಇಲ್ಲ. ಇದರ ಜೊತೆಗೆ 1995ರಿಂದ ಡಿಸ್ಕ್ ಬ್ರೇಕ್ ಬಂತು. ಕೆಸರು ತುಂಬಿದ ಡ್ರಮ್ ತೊಳೆದು ಸಾಕಾದವರಿಗೆ ಅದೇ ಒಂದು ಬೋನಸ್. 2002ರ ನಾಲ್ಕು ಬಾಗಿಲಿನ ಎಕ್ಸ್‌ಪ್ಲೋರರ್‌ನಿಂದ ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಬಂದಿತು. ಅದು ನಮಗೆ ಉಪಯೋಗವಿಲ್ಲ. ಇನ್ನೊಂದು ಎಚ್ಚರಿಕೆ: ಬೇರೆ ಫೋರ್ಡ್ ಗಾಡಿಗಳಿಂದ ಬಂದ ಕೆಲವು 8.8ಗಳಲ್ಲಿ 28 ಸ್ಪ್ಲೈನ್ ಶಾಫ್ಟ್ ಇರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಅನುಪಾತ ಬಹಳ ಮುಖ್ಯ. ಫೋರ್ ವೀಲ್ ಡ್ರೈವ್‌ನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ಅನುಪಾತ ಒಂದೇ ಇರಬೇಕು. 4.10 ಮತ್ತು 4.11ರಂಥ ಕೂದಲೆಳೆ ವ್ಯತ್ಯಾಸಕ್ಕೆ ತೊಂದರೆಯಿಲ್ಲ. 3.55 ಮತ್ತು 3.73 ಜೋಡಿಸಿದರೆ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಒಳಗೇ ಜಗಳ ಶುರುವಾಗುತ್ತದೆ. ಆಟೊಮ್ಯಾಟಿಕ್ 4.0 ಎಕ್ಸ್‌ಜೆಗಳಲ್ಲಿ ಹೆಚ್ಚಾಗಿ 3.55 ಇರುತ್ತದೆ, ಮ್ಯಾನ್ಯುಯಲ್‌ನಲ್ಲಿ 3.07. ಎಕ್ಸ್‌ಪ್ಲೋರರ್‌ನಲ್ಲಿ 3.55, 3.73, 4.10 ಸಿಗುತ್ತವೆ. 3.55 ಸಿಕ್ಕಿದರೆ ಮುಂದಿನದನ್ನು ಮುಟ್ಟುವ ಕೆಲಸವೇ ಇಲ್ಲ. ದೊಡ್ಡ ಟೈರ್ ಹಾಕುವ ಯೋಚನೆಯಿದ್ದರೆ ಹೇಗೂ ಮುಂದೆ ಹಿಂದೆ ಎರಡೂ ಗೇರ್ ಬದಲಿಸುತ್ತೀರಿ, ಆಗ ಯಾವುದು ಸಿಕ್ಕರೂ ಸರಿ.

ಕವರಿನ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಬಿಲ್ಲೆಯಲ್ಲಿ ಅನುಪಾತ ಬರೆದಿರುತ್ತದೆ. ಅಂಕಿಗಳ ನಡುವೆ ಎಲ್ ಅಕ್ಷರ ಇದ್ದರೆ, ಉದಾಹರಣೆಗೆ 3ಎಲ್73, ಅದು ಲಿಮಿಟೆಡ್ ಸ್ಲಿಪ್, ಅಂದರೆ ಒಂದೇ ಚಕ್ರ ಸುಮ್ನೆ ತಿರುಗುವುದನ್ನು ತಕ್ಕಮಟ್ಟಿಗೆ ತಡೆಯುವ ಮಾದರಿ. ಬಿಲ್ಲೆ ಬಿದ್ದುಹೋಗಿದ್ದರೆ ಕವರ್ ತೆಗೆದು ಕ್ರೌನ್ ವೀಲಿನ ಅಂಚಿನಲ್ಲಿ ಕೆತ್ತಿದ ಹಲ್ಲಿನ ಲೆಕ್ಕ ನೋಡಿ: 41 ಮತ್ತು 11 ಅಂತಿದ್ದರೆ 3.73, 39 ಮತ್ತು 11 ಅಂತಿದ್ದರೆ 3.55. ಕವರ್ ತೆಗೆದಾಗ ಹಲ್ಲಿನ ಮೇಲೆ ಗುಳಿ ಇದೆಯಾ, ಎಣ್ಣೆಯಲ್ಲಿ ಲೋಹದ ಚೂರು ಇದೆಯಾ ನೋಡಿಬಿಡಿ. ತಳದ ಎಣ್ಣೆ ಹಾಲು ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಅಂತ ಅರ್ಥ. ಅಂಥದ್ದನ್ನು ಬಿಟ್ಟುಬಿಡಿ.

ಆಕ್ಸಲ್ ತರುವಾಗ ಅದರ ಜೊತೆ ಕ್ಯಾಲಿಪರ್, ಬ್ರೇಕ್ ಪೈಪ್, ಹ್ಯಾಂಡ್ ಬ್ರೇಕ್ ಕೇಬಲ್ ಎಲ್ಲ ತನ್ನಿ. ಪ್ರೊಪೆಲ್ಲರ್ ಶಾಫ್ಟಿನ ಕೊನೆಯ ಫ್ಲ್ಯಾಂಜ್ ಮತ್ತು ಅದರ 12 ಮೂಲೆಯ ನಾಲ್ಕು ಬೋಲ್ಟ್ ಕೂಡ ಮರೆಯಬೇಡಿ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅಳತೆ ತೆಗೆಯುವುದು

ಗಾಡಿ ಸಮತಟ್ಟು ನೆಲದ ಮೇಲೆ, ಚಕ್ರದ ಮೇಲೇ ನಿಂತಿರಲಿ. ಸಾಮಾನ್ಯವಾಗಿ ಹೊರುವ ಭಾರ ಒಳಗಿರಲಿ. ಈಗ ಹಳೆಯ ಆಕ್ಸಲಿನ ಅಳತೆ ಬರೆದುಕೊಳ್ಳಿ.

ಎಡ ಸ್ಪ್ರಿಂಗ್ ಸೀಟಿನ ನಡುವಿನಿಂದ ಬಲ ಸೀಟಿನ ನಡುವಿನ ತನಕ ಎಷ್ಟು? ಸೀಟಿನ ನಡುವಿನಿಂದ ಆ ಬದಿಯ ಚಕ್ರ ಕೂರುವ ಮುಖಕ್ಕೆ ಎಷ್ಟು? ಪಿನಿಯನ್ ಕೋನ ಎಷ್ಟು, ಟ್ರಾನ್ಸ್‌ಫರ್ ಕೇಸಿನ ಹಿಂದಿನ ಶಾಫ್ಟಿನ ಕೋನ ಎಷ್ಟು? ಶಾಕ್‌ನ ಕೆಳಗಿನ ಬೋಲ್ಟ್ ಟ್ಯೂಬಿನಿಂದ ಎಷ್ಟು ದೂರ, ಯಾವ ಕಡೆಗೆ ವಾಲಿದೆ? ಪ್ರೊಪೆಲ್ಲರ್ ಶಾಫ್ಟಿನ ಉದ್ದ ಎಷ್ಟು? ಫೋಟೋ ತೆಗೆಯಿರಿ, ಜೊತೆಗೆ ಕಾಗದದ ಮೇಲೂ ಬರೆಯಿರಿ. ಎಣ್ಣೆ ಕೈಯಲ್ಲಿ ಫೋನ್ ತಡಕಾಡೋದು ತಲೆನೋವು.

ಇಲ್ಲೇ ಒಂದು ತಪ್ಪು ಆಗುತ್ತದೆ. ಎಕ್ಸ್‌ಪ್ಲೋರರ್ ಆಕ್ಸಲಿನ ಪಿನಿಯನ್ ನಟ್ಟನಡುವೆ ಇಲ್ಲ. ಒಂದು ಟ್ಯೂಬ್ ಉದ್ದ, ಇನ್ನೊಂದು ಗಿಡ್ಡ. ಡಿಫ್‌ನ (ಡಿಫರೆನ್ಷಿಯಲ್, ಎರಡು ಚಕ್ರಕ್ಕೆ ಬಲ ಹಂಚುವ ನಡುವಿನ ಗೇರ್ ಭಾಗ) ಗುಂಡು ಭಾಗದಿಂದ ಎರಡೂ ಕಡೆ ಸಮ ಅಳತೆ ಹಿಡಿದು ಸೀಟು ಇಟ್ಟರೆ, ಗಾಡಿಯ ಹಿಂಭಾಗ ಒಂದು ಕಡೆಗೆ ಸರಿದು ನಿಲ್ಲುತ್ತದೆ. ಸೀಟಿನ ಜಾಗವನ್ನು ಯಾವಾಗಲೂ ಚಕ್ರ ಕೂರುವ ಮುಖದಿಂದ ಅಳೆಯಿರಿ. ಪಿನಿಯನ್ ಸ್ವಲ್ಪ ಪಕ್ಕಕ್ಕೆ ಬರುತ್ತದೆ, ಬರಲಿ. ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿ ಬಾಗುವ ಕ್ರಾಸ್ ಜಾಯಿಂಟ್ ಅಷ್ಟನ್ನು ತಾಳಿಕೊಳ್ಳುತ್ತದೆ.

ಹಳೆಯದನ್ನು ಇಳಿಸುವುದು

ಬ್ಯಾಟರಿ ಕಳಚಿ. ಮುಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡ ಇಡಿ. ಹಿಂಭಾಗ ಎತ್ತಿ ಬಾಡಿಯ ಚಾಸಿ ರೈಲ್ ಕೆಳಗೆ ಸ್ಟ್ಯಾಂಡ್ ಇಡಿ. ಆಕ್ಸಲ್ ಕೆಳಗೆ ಇಟ್ಟರೆ ಪ್ರಯೋಜನವಿಲ್ಲ, ಅದನ್ನೇ ಅಲ್ವಾ ತೆಗೆಯೋದು. ಟ್ರಾಲಿ ಜ್ಯಾಕನ್ನು ಡಿಫ್ ಕೆಳಗೆ ತಂದು ಆಕ್ಸಲಿನ ಭಾರ ಹೊರಿಸಿ.

ಆಕ್ಸಲನ್ನು ಸ್ಪ್ರಿಂಗಿಗೆ ಕಟ್ಟುವ ಯು-ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬಿಚ್ಚದಿದ್ದರೆ ಚಿಂತೆಯಿಲ್ಲ, ಕತ್ತರಿಸಿ. ಹೇಗೂ ಹಳೆಯ ಯು-ಬೋಲ್ಟ್ ಮತ್ತೆ ಹಾಕುವ ಹಾಗಿಲ್ಲ. ಒಮ್ಮೆ ಬಿಗಿದಾಗ ಅವು ಹಿಗ್ಗಿರುತ್ತವೆ. ಹೊಸ ಟ್ಯೂಬಿಗೆ ಅಳತೆಯೂ ಸಾಲದು.

ಪ್ರೊಪೆಲ್ಲರ್ ಶಾಫ್ಟ್ ಇಳಿಸಿ, ತುದಿಯಲ್ಲಿ ಕ್ರಾಸ್‌ನ ಕಪ್ ಬೀಳದ ಹಾಗೆ ಟೇಪ್ ಸುತ್ತಿ. ಬ್ರೇಕ್ ಹೋಸ್ ಬಿಚ್ಚಿದ ಕೂಡಲೇ ಪೈಪಿನ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ. ಹ್ಯಾಂಡ್ ಬ್ರೇಕ್ ಕೇಬಲ್, ಡಿಫ್‌ನ ಬ್ರೀದರ್ ಹೋಸ್, ಶಾಕ್ ಎಲ್ಲ ಕಳಚಿ. ನಂತರ ಇಬ್ಬರು ಸೇರಿ ಆಕ್ಸಲನ್ನು ಮೆಲ್ಲಗೆ ಜ್ಯಾಕ್ ಮೇಲೆ ಕೆಳಗಿಳಿಸಿ ಹಿಂದಕ್ಕೆ ಎಳೆಯಿರಿ. ಒಬ್ಬರೇ ಮಾಡಬೇಡಿ. ಡಿಫ್ ಭಾಗ ಭಾರ, ಆಕ್ಸಲ್ ಜ್ಯಾಕ್ ಮೇಲೆ ಉರುಳಿಬಿಡುತ್ತದೆ.

ಹೊಸ ಆಕ್ಸಲ್ ತಯಾರಿ

ಈ ಕೆಲಸ ಗಾಡಿಯ ಹೊರಗೆ, ಮೇಜಿನ ಮೇಲೆ ಅಥವಾ ಎರಡು ಸ್ಟ್ಯಾಂಡಿನ ಮೇಲೆ. ಮೊದಲು ಶಾಫ್ಟ್ ಹೊರಗೆ ತೆಗೆಯಬೇಕು, ಇಲ್ಲದಿದ್ದರೆ ವೆಲ್ಡಿಂಗ್ ಬಿಸಿಗೆ ಸೀಲ್ ಸುಟ್ಟುಹೋಗುತ್ತದೆ. ಕವರ್ ತೆಗೆದು ಎಣ್ಣೆ ಬಸಿಯಿರಿ. ಡಿಫ್ ಒಳಗಿನ ಅಡ್ಡ ಪಿನ್ನನ್ನು ಹಿಡಿದಿರುವ ಸಣ್ಣ ಬೋಲ್ಟ್ ಬಿಚ್ಚಿ. ಇದು ನಾಜೂಕು, ಜೋರು ಮಾಡಿದರೆ ತಲೆ ಮುರಿಯುತ್ತದೆ. ಪಿನ್ ಜಾರಿಸಿ ಹೊರಗೆ ತೆಗೆಯಿರಿ. ಶಾಫ್ಟನ್ನು ಒಳಕ್ಕೆ ತಳ್ಳಿದರೆ ಅದರ ತುದಿಯ ಸಿ-ಕ್ಲಿಪ್ ಸಡಿಲವಾಗಿ ಕೈಗೆ ಬರುತ್ತದೆ. ಕ್ಲಿಪ್ ತೆಗೆದು ಶಾಫ್ಟ್ ಹೊರಗೆಳೆಯಿರಿ. ಪಿನ್ ಇಲ್ಲದಿರುವಾಗ ಡಿಫನ್ನು ತಿರುಗಿಸಬೇಡಿ, ಒಳಗಿನ ಸಣ್ಣ ಗೇರುಗಳು ಜಾರಿ ಬೀಳುತ್ತವೆ.

ಸಿ-ಕ್ಲಿಪ್ ಬಗ್ಗೆ ಒಂದು ಮಾತು. ಈ ತರದ ಆಕ್ಸಲಿನಲ್ಲಿ ಚಕ್ರವನ್ನು ಹಿಡಿದಿಡುವುದು ಆ ಪುಟ್ಟ ಕ್ಲಿಪ್ಪೇ. ಶಾಫ್ಟ್ ಮುರಿದರೆ ಚಕ್ರ ಸಮೇತ ಹೊರಗೆ ಬರಬಹುದು. ಡಿಸ್ಕ್ ಇದ್ದರೆ ಕ್ಯಾಲಿಪರ್ ಸ್ವಲ್ಪ ತಡೆಯುತ್ತದೆ. ಅದನ್ನೇ ನಂಬಿಕೊಂಡು ಓಡಿಸಬೇಡಿ.

ಈಗ ಟ್ಯೂಬ್. ಎಕ್ಸ್‌ಪ್ಲೋರರ್‌ನ ಸ್ಪ್ರಿಂಗ್ ಆಕ್ಸಲಿನ ಕೆಳಗೆ ಇರುತ್ತದೆ, ಎಕ್ಸ್‌ಜೆಯಲ್ಲಿ ಮೇಲೆ. ಹಾಗಾಗಿ ಹಳೆಯ ಸೀಟು, ಶಾಕ್ ಬ್ರಾಕೆಟ್ ಎಲ್ಲ ಕತ್ತರಿಸಿ ಹಾಕಬೇಕು. ಕಟಿಂಗ್ ಡಿಸ್ಕನ್ನು ಟ್ಯೂಬಿಗೆ ತಾಗಿಸದೆ ವೆಲ್ಡಿನ ಹತ್ತಿರ ಕತ್ತರಿಸಿ, ಉಳಿದದ್ದನ್ನು ಫ್ಲ್ಯಾಪ್ ಡಿಸ್ಕಿನಿಂದ ಉಜ್ಜಿ. ಟ್ಯೂಬಿನ ಮೇಲೆ ಆಳವಾದ ಗೆರೆ ಬಿದ್ದರೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ.

ಇನ್ನೊಂದು ಮುಖ್ಯ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಈ ಆಕ್ಸಲಿನ ಟ್ಯೂಬನ್ನು ನಡುವಿನ ಎರಕದ ಭಾಗಕ್ಕೆ ಒತ್ತಿ ತೂರಿಸಿ, ಕೆಲವು ತೂತುಗಳಲ್ಲಿ ಮಾತ್ರ ವೆಲ್ಡ್ ಹಾಕಿರುತ್ತಾರೆ. ದೊಡ್ಡ ಟೈರಿನ ಎಳೆತಕ್ಕೆ ಆ ವೆಲ್ಡ್ ಬಿಟ್ಟುಕೊಂಡು ಟ್ಯೂಬ್ ಒಂದು ಕಡೆ, ಡಿಫ್ ಇನ್ನೊಂದು ಕಡೆ ತಿರುಗಬಹುದು. ಹಾಗಾಗಿ ಟ್ಯೂಬ್ ಸೇರುವ ಜಾಗದಲ್ಲಿ ಸುತ್ತಲೂ ವೆಲ್ಡ್ ಹಾಕಿ. ಎರಕದ ಕಬ್ಬಿಣ ಆದ್ದರಿಂದ ಅದನ್ನು ಮೊದಲು ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟುವ ತನಕ ಬಿಸಿ ಮಾಡಿ, ನಿಕ್ಕಲ್ ರಾಡ್ ಬಳಸಿ, ಆಮೇಲೆ ವೆಲ್ಡಿಂಗ್ ಹೊದಿಕೆ ಸುತ್ತಿ ನಿಧಾನಕ್ಕೆ ತಣ್ಣಗಾಗಲು ಬಿಡಿ. ನೀರು ಹಾಕಿ ತಣಿಸಿದರೆ ಕಣ್ಣೆದುರೇ ಬಿರುಕು ಬಿಡುತ್ತದೆ. ಎರಡು ಮೂರು ಸೆಂಟಿಮೀಟರ್ ಉದ್ದ ಹಾಕಿ, ಎದುರು ಬದಿಗೆ ಹೋಗಿ ಅಷ್ಟೇ ಹಾಕಿ, ಹೀಗೆ ತಿರುಗುತ್ತಾ ಮುಗಿಸಿ. ಒಂದೇ ಕಡೆಯಿಂದ ಎಳೆದುಕೊಂಡು ಹೋದರೆ ಟ್ಯೂಬ್ ಬಾಳೆಕಾಯಿಯ ಹಾಗೆ ಬಾಗುತ್ತದೆ. ಎರಕ ವೆಲ್ಡಿಂಗ್ ಅಭ್ಯಾಸ ಇಲ್ಲದಿದ್ದರೆ ಇದನ್ನು ಗೊತ್ತಿರುವವರ ಕೈಗೆ ಕೊಡಿ.

ವೆಲ್ಡ್ ಮಾಡುವ ಜಾಗವನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಬೇಡಿ. ಕ್ಲೋರಿನ್ ಇರುವ ಕ್ಲೀನರ್ ವೆಲ್ಡಿಂಗ್ ಬಿಸಿಗೆ ಫಾಸ್ಜೀನ್ ಅನಿಲವಾಗುತ್ತದೆ. ಅದು ಯುದ್ಧದಲ್ಲಿ ಬಳಸಿದ ವಿಷ. ಅಸಿಟೋನ್ ಬಳಸಿ, ಪೂರ್ತಿ ಆರಲು ಬಿಡಿ. ಅರ್ತ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ಭಾಗದ ಪಕ್ಕದಲ್ಲೇ ಕಚ್ಚಿಸಿ. ದೂರ ಕಚ್ಚಿಸಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದನ್ನು ಹಾಳು ಮಾಡುತ್ತದೆ.

ಸೀಟು ಇಡುವುದು, ಪಿನಿಯನ್ ಕೋನ ಹಿಡಿಯುವುದು

ಇಲ್ಲಿ ಸಮಯ ಕೊಡಿ. 3.25 ಇಂಚಿನ ಟ್ಯೂಬಿಗೆ, 2.5 ಇಂಚು ಅಗಲದ ಲೀಫಿಗೆ ಅಂತ ಮಾಡಿದ ಸೀಟು ತನ್ನಿ. ಚಕ್ರದ ಮುಖದಿಂದ ಅಳೆದು ಟ್ಯೂಬ್ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಸೀಟನ್ನು ಸುಮ್ನೆ ಮೇಲೆ ಇಡಿ, ವೆಲ್ಡ್ ಬೇಡ.

ಅಳತೆ ನೋಡಲು ಚಕ್ರ ಬೇಕಾದ್ದರಿಂದ ಶಾಫ್ಟ್‌ಗಳನ್ನು ತಾತ್ಕಾಲಿಕವಾಗಿ ಒಳಗೆ ಹಾಕಿ ಕ್ಲಿಪ್ ಸಿಕ್ಕಿಸಿ, ಪಿನ್ ಕೂಡ ಹಾಕಿ. ಆಕ್ಸಲನ್ನು ಗಾಡಿಯ ಕೆಳಗೆ ತಂದು ಎತ್ತಿ. ಲೀಫಿನ ನಡುವಿನ ಬೋಲ್ಟಿನ ತಲೆ ಸೀಟಿನ ತೂತಿಗೆ ಕೂರಬೇಕು. ಹೊಸ ಯು-ಬೋಲ್ಟನ್ನು ಕೈಬಿಗಿಗಿಂತ ಸ್ವಲ್ಪ ಜಾಸ್ತಿ ಬಿಗಿಯಿರಿ. ಟ್ಯೂಬ್ ಬೀಳಬಾರದು, ಆದರೆ ಒತ್ತಿದರೆ ತಿರುಗಬೇಕು. ಅಷ್ಟೇ ಬಿಗಿ.

ಚಕ್ರ ಹಾಕಿ. ಸ್ಟ್ಯಾಂಡ್ ತೆಗೆದು ಗಾಡಿಯ ಭಾರವನ್ನು ಪೂರ್ತಿ ಚಕ್ರದ ಮೇಲೆ ಇಳಿಸಿ. ಹಿಂಭಾಗವನ್ನು ಕೈಯಿಂದ ನಾಲ್ಕೈದು ಸಲ ಅಲ್ಲಾಡಿಸಿ, ಸ್ಪ್ರಿಂಗ್ ತನ್ನ ಜಾಗಕ್ಕೆ ಬರಲಿ. ಎರಡೂ ಬದಿಯಲ್ಲಿ ಸ್ಪ್ರಿಂಗಿನ ಮುಂದಿನ ಕಣ್ಣಿನ ಬೋಲ್ಟಿನಿಂದ ಆಕ್ಸಲ್ ತುದಿಗೆ ಅಳತೆ ಹಿಡಿಯಿರಿ, ಸಮ ಬರಬೇಕು. ಬಾಡಿಯಿಂದ ಟೈರ್ ಎಷ್ಟು ಹೊರಗಿದೆ ಅಂತ ಎರಡೂ ಕಡೆ ನೋಡಿ.

ಈಗ ಪಿನಿಯನ್ ಮೂತಿಯ ಕೆಳಗೆ ಸಣ್ಣ ಜ್ಯಾಕ್ ಇಟ್ಟು ಕೋನ ಹೊಂದಿಸಿ. ಎಷ್ಟು ಕೋನ ಬೇಕು ಅನ್ನುವುದು ಪ್ರೊಪೆಲ್ಲರ್ ಶಾಫ್ಟ್ ಯಾವ ತರದ್ದು ಅನ್ನುವುದರ ಮೇಲೆ ನಿಂತಿದೆ.

ಎರಡೂ ತುದಿಗೆ ಒಂದೊಂದು ಕ್ರಾಸ್ ಇರುವ ಸಾಮಾನ್ಯ ಶಾಫ್ಟ್ ಆದರೆ, ಪಿನಿಯನ್ ಗೆರೆ ಮತ್ತು ಟ್ರಾನ್ಸ್‌ಫರ್ ಕೇಸಿನ ಶಾಫ್ಟಿನ ಗೆರೆ ಸಮಾನಾಂತರ ಇರಬೇಕು. ಒಂದು ಕ್ರಾಸ್ ತಿರುಗುವಾಗ ಹುಟ್ಟುವ ಏರಿಳಿತವನ್ನು ಇನ್ನೊಂದು ತುದಿಯ ಕ್ರಾಸ್ ಅಳಿಸಿಹಾಕುತ್ತದೆ. ಎರಡು ಕೋನ ಒಂದು ಡಿಗ್ರಿಗಿಂತ ಜಾಸ್ತಿ ಬೇರೆಯಾದರೆ ಆ ಲೆಕ್ಕ ಕೆಡುತ್ತದೆ, ಗಾಡಿ ನಡುಗುತ್ತದೆ. ಗಾಡಿ ಎತ್ತರಿಸಿ, ಟ್ರಾನ್ಸ್‌ಫರ್ ಕೇಸ್ ಕಡೆ ಜೋಡಿ ಕ್ರಾಸ್ ಇರುವ ಶಾಫ್ಟ್ ಹಾಕಿದ್ದರೆ ನಿಯಮ ಬೇರೆ. ಆಗ ಪಿನಿಯನ್ ನೇರವಾಗಿ ಟ್ರಾನ್ಸ್‌ಫರ್ ಕೇಸಿನ ಕಡೆಗೆ ಮುಖ ಮಾಡಬೇಕು. ಅದಕ್ಕಿಂತ ಒಂದೆರಡು ಡಿಗ್ರಿ ಕೆಳಗೆ ಇಟ್ಟರೆ ಒಳ್ಳೆಯದು. ಯಾಕೆಂದರೆ ಆಕ್ಸಿಲರೇಟರ್ ಒತ್ತಿದಾಗ ಲೀಫ್ ಸ್ಪ್ರಿಂಗ್ ಸುತ್ತಿಕೊಂಡು ಪಿನಿಯನ್ ಮೇಲಕ್ಕೆ ಏಳುತ್ತದೆ. ನಿಂತಾಗ ಕೆಳಗಿದ್ದದ್ದು ಓಡುವಾಗ ಸರಿ ಜಾಗಕ್ಕೆ ಬರುತ್ತದೆ.

ಕೋನ ಅಳೆಯುವ ಮೀಟರನ್ನು ಎರಕದ ಒರಟು ಮೈಮೇಲೆ ಇಡಬೇಡಿ. ಪಿನಿಯನ್ ಫ್ಲ್ಯಾಂಜಿನ ನುಣುಪಾದ ಮುಖದ ಮೇಲೆ ಇಡಿ. ಎರಡು ಮೂರು ಸಲ ಎತ್ತಿ ಇಟ್ಟು ನೋಡಿ, ಒಂದೇ ಅಂಕಿ ಬರಬೇಕು. ಬಂತಾ? ಈಗ ಸೀಟಿನ ನಾಲ್ಕು ಮೂಲೆಗೆ ಚಿಕ್ಕ ಚಿಕ್ಕ ಟ್ಯಾಕ್ (ತಾತ್ಕಾಲಿಕ ಚುಕ್ಕೆ ವೆಲ್ಡ್) ಮಾತ್ರ ಹಾಕಿ. ಲೀಫಿಗೆ ಕಿಡಿ ತಾಗದ ಹಾಗೆ ಒದ್ದೆ ಮಾಡಿದ ದಪ್ಪ ಬಟ್ಟೆ ಮುಚ್ಚಿ. ಪೆಟ್ರೋಲ್ ಟ್ಯಾಂಕ್ ಅಲ್ಲೇ ಹಿಂದೆ ಇದೆ ಅನ್ನುವುದು ನೆನಪಿರಲಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು ನಿಂತಿರಲಿ.

ಟ್ಯಾಕ್ ಆದ ಮೇಲೆ ಕೋನ ಮತ್ತೆ ಅಳೆಯಿರಿ. ಶಾಕ್ ಬ್ರಾಕೆಟ್ ಆಕ್ಸಲ್ ಮೇಲೆ ಕೂರುವ ಗಾಡಿಯಾದರೆ ಅದನ್ನೂ ಈಗಲೇ ಗುರುತು ಹಾಕಿ ಟ್ಯಾಕ್ ಮಾಡಿ. ಒಂದು ಚಕ್ರವನ್ನು ಜ್ಯಾಕಿನಿಂದ ಎತ್ತಿ, ಇನ್ನೊಂದನ್ನು ಇಳಿಬಿಟ್ಟು, ಕ್ಯಾಲಿಪರ್, ಬ್ರಾಕೆಟ್, ಸೈಲೆನ್ಸರ್ ಎಲ್ಲೂ ತಗುಲುತ್ತಿಲ್ಲ ಅಂತ ನೋಡಿಕೊಳ್ಳಿ.

ಎಲ್ಲ ಸರಿ ಬಂದರೆ ಆಕ್ಸಲ್ ಮತ್ತೆ ಇಳಿಸಿ, ಶಾಫ್ಟ್ ಹೊರಗೆ ತೆಗೆದು, ಈಗ ಪೂರ್ತಿ ವೆಲ್ಡ್ ಹಾಕಿ. ಬೇಸರದ ಕೆಲಸ, ನಿಜ. ನಾನು ಮೊದಲ ಸಲ ಬಿಟ್ಟದ್ದು ಇದೇ ಹಂತ. ಎಡ ಸೀಟಿಗೆ ಒಂದು ತುಂಡು, ಬಲ ಸೀಟಿಗೆ ಒಂದು ತುಂಡು, ನಡುವೆ ಕೈ ಇಟ್ಟರೆ ತಡೆಯುವಷ್ಟು ತಣ್ಣಗಾಗಲಿ. ಮುಗಿದ ಮೇಲೆ ಪ್ರೈಮರ್, ಪೇಂಟ್. ಹೊಸ ಸೀಲ್ ಹಾಕಿ, ಬೇರಿಂಗ್ ಸದ್ದು ಮಾಡುತ್ತಿದ್ದರೆ ಅದನ್ನೂ ಬದಲಿಸಿ. ಶಾಫ್ಟಿನ ಮೇಲೆ ಬೇರಿಂಗ್ ಓಡುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಗುಳಿ ಇದ್ದರೆ ಆ ಶಾಫ್ಟ್ ಬೇಡ.

ಪ್ರೊಪೆಲ್ಲರ್ ಶಾಫ್ಟ್

ಜೀಪಿನ ಕ್ರಾಸ್ 1310 ಅಳತೆ, ಫೋರ್ಡ್‌ನದು 1330. ಎರಡು ದಾರಿ ಇವೆ. ಪಿನಿಯನ್ ನಟ್ ಬಿಚ್ಚಿ 1310ಕ್ಕೆ ಹೊಂದುವ ಯೋಕ್ (ಕ್ರಾಸ್ ಕೂರುವ ಕವೆ) ಹಾಕುವುದು ಒಂದು. ಫೋರ್ಡ್ ಫ್ಲ್ಯಾಂಜ್ ಉಳಿಸಿಕೊಂಡು, ಎರಡು ಕಪ್ 1310 ಮತ್ತು ಎರಡು ಕಪ್ 1330 ಇರುವ ಮಿಶ್ರ ಕ್ರಾಸ್ ಹಾಕುವುದು ಇನ್ನೊಂದು. ನಾನು ಎರಡನೆಯದಕ್ಕೇ ಮತ ಹಾಕುತ್ತೇನೆ. ಪಿನಿಯನ್ ನಟ್ಟಿನ ಹಿಂದೆ, ಎರಡು ಬೇರಿಂಗ್‌ಗಳ ನಡುವೆ ಕುಸಿಯುವ ತೋಳು ಒಂದಿದೆ, ಕ್ರಶ್ ಸ್ಲೀವ್ ಅನ್ನುತ್ತಾರೆ. ಬೇರಿಂಗ್ ಬಿಗಿ ನಿಲ್ಲುವುದು ಅದರ ಮೇಲೆ. ನಟ್ ಬಿಚ್ಚಿದರೆ ಆ ಬಿಗಿಯನ್ನು ಮತ್ತೆ ಅಳೆದು ಹೊಂದಿಸಬೇಕು. ಜಾಸ್ತಿ ಬಿಗಿದರೆ ಹೊಸ ಸ್ಲೀವ್ ಹಾಕಬೇಕು. ಮುಟ್ಟದೇ ಇರುವಾಗ ಸುಮ್ನೆ ಯಾಕೆ ಕೆದಕಬೇಕು? ಹಳೆಯ ಫ್ಲ್ಯಾಂಜ್ ಮತ್ತು ಬೋಲ್ಟ್ ತನ್ನಿ ಅಂದದ್ದು ಇದಕ್ಕೇ.

ಉದ್ದ ನೋಡಲು ಗಾಡಿ ಚಕ್ರದ ಮೇಲೇ ನಿಂತಿರಬೇಕು. ಸ್ಪ್ರಿಂಗ್ ಪೂರ್ತಿ ಅದುಮಿದಾಗ ಜಾರುವ ಭಾಗ ಒಳಗೆ ಗುದ್ದದ ಹಾಗೆ ಸುಮಾರು ಒಂದು ಇಂಚು ಜಾಗ ಉಳಿಯಬೇಕು. ಪೂರ್ತಿ ಇಳಿಬಿದ್ದಾಗ ಕಳಚಿಕೊಳ್ಳಬಾರದು. ಹೊಂದದಿದ್ದರೆ ಶಾಫ್ಟನ್ನು ಕತ್ತರಿಸಿ ಬ್ಯಾಲೆನ್ಸ್ ಮಾಡಿಸಿ. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ಬ್ರೇಕ್

ಎಕ್ಸ್‌ಪ್ಲೋರರ್‌ನ ಬ್ರೇಕ್ ಪೈಪ್ ಕೂಡುವ ತುಂಡನ್ನು ಟ್ಯೂಬಿನ ಮೇಲಿರುವ ಒಂದು ಬೋಲ್ಟ್ ಹಿಡಿದಿರುತ್ತದೆ. ಆ ಬೋಲ್ಟ್ ಟೊಳ್ಳು, ಡಿಫ್‌ನ ಬ್ರೀದರ್ ಕೂಡ ಅದೇ. ಅದನ್ನು ಕಳೆದುಕೊಂಡು ಯಾವುದೋ ಬೋಲ್ಟ್ ಹಾಕಿದರೆ ಡಿಫ್ ಉಸಿರಾಡಲು ದಾರಿಯಿಲ್ಲದೆ ಸೀಲಿನಿಂದ ಎಣ್ಣೆ ಕಕ್ಕುತ್ತದೆ. ಬ್ರೀದರ್‌ಗೆ ಹೋಸ್ ಹಾಕಿ ಸಾಧ್ಯವಾದಷ್ಟು ಎತ್ತರಕ್ಕೆ ಒಯ್ಯಿರಿ. ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರು ಹೀರಿಕೊಳ್ಳುತ್ತದೆ.

ಹೋಸ್ ಉದ್ದ ಆಕ್ಸಲ್ ಪೂರ್ತಿ ಇಳಿಬಿದ್ದಾಗಲೂ ಸಾಲಬೇಕು. ಪೈಪಿನ ಎಳೆ ಎರಡೂ ಗಾಡಿಗೆ ಒಂದೇ ಅಂತ ನಂಬಬೇಡಿ, ಕೈಯಿಂದ ತಿರುಗಿಸಿ ನೋಡಿ. ಎಳೆ ಕೂರದಿದ್ದರೆ ಸರಿಯಾದ ಅಡಾಪ್ಟರ್ ತನ್ನಿ, ಸ್ಪ್ಯಾನರ್ ಹಾಕಿ ಜೋರು ಮಾಡಬೇಡಿ.

ಮುಂದಕ್ಕೆ ಎಷ್ಟು, ಹಿಂದಕ್ಕೆ ಎಷ್ಟು ಒತ್ತಡ ಅಂತ ಹಂಚುವ ವಾಲ್ವ್ ಹಿಂದಿನ ಡ್ರಮ್ಮಿಗೆ ಅಂತ ಮಾಡಿದ್ದು. ಹಿಂದೆ ಡಿಸ್ಕ್ ಬಂದ ಮೇಲೆ ಆ ಲೆಕ್ಕ ಬದಲಾಗುತ್ತದೆ. ನಾಲ್ಕೂ ಡಿಸ್ಕ್ ಇದ್ದ ಗ್ರ್ಯಾಂಡ್ ಚೆರೋಕಿಯ ವಾಲ್ವನ್ನು ತಂದು ಹಾಕುವುದು ರೂಢಿ. ಹೊಂದಿಸಬಹುದಾದ ವಾಲ್ವ್ ಕೂಡ ನಡೆಯುತ್ತದೆ. ಹ್ಯಾಂಡ್ ಬ್ರೇಕ್‌ಗೆ ಡಿಸ್ಕಿನ ಒಳಗೇ ಪುಟ್ಟ ಡ್ರಮ್ ಇದೆ. ಅದರ ಶೂ ಸವೆದಿದೆಯಾ ನೋಡಿ, ಕೇಬಲ್ ಉದ್ದ ಹೊಂದಿಸಿ. ಎಬಿಎಸ್ ಇರುವ ಗಾಡಿಯಾದರೆ ಸೆನ್ಸರ್ ಹೊಂದುವುದಿಲ್ಲ, ಅದರ ದಾರಿ ಮೊದಲೇ ಯೋಚಿಸಿ. ಡಿಫ್ ಮೇಲಿರುವ ಫೋರ್ಡ್ ಸೆನ್ಸರ್ ಬೇಡವಾದರೂ ಕೀಳಬೇಡಿ, ತೂತು ಮುಚ್ಚಲು ಅದೇ ಬಿರಡೆ.

ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರದಿಂದ ಶುರು ಮಾಡಿ ಗಾಳಿ ತೆಗೆಯಿರಿ. ಪೆಡಲ್ ಗಟ್ಟಿಯಾಗುವ ತನಕ ಗಾಡಿ ಕದಲಿಸಬೇಡಿ.

ಎಣ್ಣೆ, ಬಿಗಿ, ಮೊದಲ ಓಟ

ಕವರ್ ಮುಚ್ಚುವ ಮೊದಲು ಸಿ-ಕ್ಲಿಪ್ ಎರಡೂ ಕೂತಿವೆಯಾ, ಅಡ್ಡ ಪಿನ್ನಿನ ಬೋಲ್ಟ್ ಬಿಗಿಯಾಗಿದೆಯಾ ಅಂತ ಬೆಳಕು ಹಾಕಿ ನೋಡಿ. ಗೇರ್ ಎಣ್ಣೆಯನ್ನು ಫಿಲ್ ತೂತಿನ ಮಟ್ಟದ ತನಕ ತುಂಬಿ. ಲಿಮಿಟೆಡ್ ಸ್ಲಿಪ್ ಇದ್ದರೆ ಫ್ರಿಕ್ಷನ್ ಮಾಡಿಫೈಯರ್ ಸೇರಿಸಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಕಟಕಟ ಅನ್ನುತ್ತದೆ.

ಯು-ಬೋಲ್ಟನ್ನು ಅಡ್ಡಡ್ಡ, ಎಡ ಮುಂದೆ, ಬಲ ಹಿಂದೆ ಹೀಗೆ ಕ್ರಮವಾಗಿ, ಅದರ ತಯಾರಕರು ಕೊಟ್ಟ ಟಾರ್ಕ್ ಅಂಕಿಗೆ ಬಿಗಿಯಿರಿ. ಸ್ಪ್ರಿಂಗ್ ಕಣ್ಣಿನ ಬೋಲ್ಟ್ ಬಿಚ್ಚಿದ್ದರೆ ಅವನ್ನು ಕೊನೆಗೆ, ಗಾಡಿ ಚಕ್ರದ ಮೇಲೆ ನಿಂತಾಗ ಬಿಗಿಯಿರಿ. ಇಳಿಬಿದ್ದಾಗ ಬಿಗಿದರೆ ಒಳಗಿನ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಮೊದಲ ಓಟ ಜನ ಇಲ್ಲದ ಖಾಲಿ ಜಾಗದಲ್ಲಿ. ನಡೆಯುವ ವೇಗದಲ್ಲಿ ಬ್ರೇಕ್ ನೋಡಿ. ಆಮೇಲೆ ಸಡಿಲ ಮಣ್ಣಿನ ಮೇಲೆ ಸ್ವಲ್ಪ ಜೋರಾಗಿ ಬ್ರೇಕ್ ಒತ್ತಿ. ಮುಂದಿನ ಚಕ್ರ ಮೊದಲು ಜಾರಬೇಕು. ಹಿಂದಿನದು ಮೊದಲು ಜಾರಿದರೆ ವಾಲ್ವ್ ಸರಿಪಡಿಸುವ ತನಕ ರಸ್ತೆಗೆ ಹೋಗಬೇಡಿ. ನಿಮ್ಮ ಊರಿನ ನಿಯಮದಲ್ಲಿ ಈ ಬದಲಾವಣೆಗೆ ಒಪ್ಪಿಗೆ ಬೇಕಾದರೆ ಅದನ್ನೂ ರಸ್ತೆಗೆ ಇಳಿಯುವ ಮೊದಲೇ ಮುಗಿಸಿ.

ವೇಗ ಏರಿಸುತ್ತಾ ಕಿವಿಗೊಡಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಊಳಿಡುವ ಸದ್ದು ಕ್ರೌನ್ ಪಿನಿಯನ್‌ದು. ಯಾವಾಗಲೂ ಗುರ್ ಅನ್ನುವುದು, ತಿರುವಿನಲ್ಲಿ ಬದಲಾಗುವುದು ಚಕ್ರದ ಬೇರಿಂಗ್‌ದು. ವೇಗದ ಜೊತೆ ಏರುವ ನಡುಕ ಪ್ರೊಪೆಲ್ಲರ್ ಶಾಫ್ಟಿನದು, ಅದರ ಮೂಲ ಹೆಚ್ಚಾಗಿ ಪಿನಿಯನ್ ಕೋನ. ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಡಿಫ್ ಮೇಲೂ ಎರಡೂ ಹಬ್ಬಿನ ಮೇಲೂ ಎಚ್ಚರಿಕೆಯಿಂದ ಕೈ ಹಿಡಿದು ನೋಡಿ. ಒಂದು ಕಡೆ ಮಾತ್ರ ಸುಡುವಷ್ಟು ಬಿಸಿಯಾಗಿದ್ದರೆ ಅಲ್ಲಿ ಬೇರಿಂಗೋ ಬ್ರೇಕೋ ಹಿಡಿದುಕೊಂಡಿದೆ.

ನೂರೈವತ್ತು ಕಿಲೋಮೀಟರ್ ಆದ ಮೇಲೆ ಯು-ಬೋಲ್ಟ್, ಫ್ಲ್ಯಾಂಜ್ ಬೋಲ್ಟ್, ಚಕ್ರದ ನಟ್ ಮೂರನ್ನೂ ಟಾರ್ಕ್ ರೆಂಚ್ ಹಿಡಿದು ಮತ್ತೆ ನೋಡಿ. ಯು-ಬೋಲ್ಟ್ ಖಂಡಿತ ಸ್ವಲ್ಪ ತಿರುಗುತ್ತದೆ. ಮೊದಲ ಕಲ್ಲುದಾರಿಯ ಓಟ ಮುಗಿಸಿ ಬಂದ ದಿನ ಗಾಡಿಯ ಕೆಳಗೆ ಟಾರ್ಚ್ ಹಿಡಿದು ಮಲಗಿ. ಸೀಟಿನ ವೆಲ್ಡಿನ ಅಂಚಿನಲ್ಲಿ ಪೇಂಟ್ ಕೂದಲೆಳೆಯಷ್ಟು ಸೀಳಿ, ಆ ಸೀಳಿನಿಂದ ತುಕ್ಕಿನ ಗೆರೆ ಇಳಿದಿದೆಯಾ ಅಂತ ಹುಡುಕಿ. ಬಿರುಕು ಶುರುವಾದರೆ ಮೊದಲು ಕಾಣುವುದು ಅಲ್ಲೇ.